ಹದಿನೈದನೇ ಫ್ರೆಟ್

ಗಿಟಾರ್ ಬಂದು ಒಂಬತ್ತು ದಿನ ಆಗಿತ್ತು. ವಾಪಸ್ ಕೊಡುವುದಾದರೆ ಇನ್ನೊಂದೇ ದಿನ ಬಾಕಿ. ರಟ್ಟಿನ ಪೆಟ್ಟಿಗೆ, ಥರ್ಮಾಕೋಲ್, ಪ್ಲಾಸ್ಟಿಕ್ ಹಾಳೆ ಎಲ್ಲವನ್ನೂ ಬಾಗಿಲ ಹಿಂದೆ ಹಾಗೇ ಇಟ್ಟಿದ್ದೆ. ರಾತ್ರಿ ಒಂದು ಗಂಟೆ ನುಡಿಸುತ್ತಿದ್ದೆ. ಆಮೇಲೆ ಆ ಪೆಟ್ಟಿಗೆ ನೋಡುತ್ತಾ ಕೂರುತ್ತಿದ್ದೆ.

ನನಗೀಗ 41 ವರ್ಷ. ಕಾಲೇಜಿನಲ್ಲಿ ಗೆಳೆಯನ ಗಿಟಾರಿನಲ್ಲೇ ಕಲಿತವನು. ನನ್ನದೇ ಆದ ಒಂದು ಎಲೆಕ್ಟ್ರಿಕ್ ಗಿಟಾರ್ ಬೇಕು ಅಂತ ಎರಡು ವರ್ಷ ಸ್ವಲ್ಪ ಸ್ವಲ್ಪವೇ ಎತ್ತಿಟ್ಟು, 24,000 ರೂಪಾಯಿಗೆ ಆನ್‌ಲೈನ್‌ನಲ್ಲಿ ತರಿಸಿದ್ದೆ. ನೀಲಿ ಬಣ್ಣ, ತಂತಿಯ ಕಂಪನ ಹಿಡಿಯುವ ಮೂರು ಸಿಂಗಲ್ ಕಾಯಿಲ್ ಪಿಕಪ್. ಪೆಟ್ಟಿಗೆ ಬಿಚ್ಚಿದ ಕೂಡಲೇ ಬಂದ ಹೊಸ ಬಣ್ಣದ ವಾಸನೆ ಇನ್ನೂ ಮೂಗಿನಲ್ಲಿದೆ.

ಮೊದಲು ಕಣ್ಣಿಗೆ ಬಿದ್ದದ್ದು ಬಣ್ಣದ ಹನಿ. ನೆಕ್ಕು, ಅಂದರೆ ಗಿಟಾರಿನ ಉದ್ದ ಕತ್ತು, ಅದರ ಬಾಡಿಗೆ ಸೇರುವ ಮೂಲೆಯಲ್ಲಿ ಎಳ್ಳುಕಾಳಿನಷ್ಟು ಬಣ್ಣ ಇಳಿದು ಒಣಗಿತ್ತು. ಬೆರಳಲ್ಲಿ ಸವರಿದರೆ ತಗಲುತ್ತಿತ್ತು. ಆವತ್ತು ತುಂಬಾ ಬೇಜಾರಾಯಿತು. ಹೊಸ ವಸ್ತು, ಎರಡು ವರ್ಷ ಕಾದು ತಂದದ್ದು ಅಲ್ವಾ? ಮೂರನೇ ದಿನಕ್ಕೆ ಅದನ್ನು ಹುಡುಕಿ ನೋಡಬೇಕಾಯಿತು.

ಸದ್ದು ದೊಡ್ಡದು ಮಾಡುವ ಆಂಪ್‌ಗೆ ಹಾಕಿದಾಗ ಗುಂಯ್ ಅನ್ನುವ ಸದ್ದು. ಅದಕ್ಕೆ ಹೆದರಲಿಲ್ಲ. ಸಿಂಗಲ್ ಕಾಯಿಲ್ ಪಿಕಪ್ ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನು ಎಳೆದುಕೊಳ್ಳುತ್ತದೆ, ಅದರ ಗುಣವೇ ಅದು. ಪಿಕಪ್ ಆರಿಸುವ ಸ್ವಿಚ್ಚನ್ನು ಎರಡನೇ ಅಥವಾ ನಾಲ್ಕನೇ ಜಾಗಕ್ಕೆ ತಂದು ಎರಡೆರಡು ಪಿಕಪ್ ಒಟ್ಟಿಗೆ ಹಾಕಿದರೆ ಸದ್ದು ತಗ್ಗಿತು.

ಅಂಗೈಗೆ ಚುಚ್ಚುತ್ತಿದ್ದ ಫ್ರೆಟ್ ತುದಿಗಳದ್ದು ಬೇರೆ ಕಥೆ. ಫ್ರೆಟ್ ಅಂದರೆ ನೆಕ್ಕಿನ ಮೇಲಿನ ಮರದ ಹಲಗೆಯಲ್ಲಿ, ಅಂದರೆ ಫ್ರೆಟ್‌ಬೋರ್ಡಿನಲ್ಲಿ, ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ. ಈ ಗಿಟಾರ್ ತಯಾರಾದದ್ದು ಇಂಡೋನೇಷ್ಯಾದಲ್ಲಿ. ಅಲ್ಲಿ ಗಾಳಿಯಲ್ಲಿ ಸದಾ ತೇವ. ನನ್ನ ಮೈಸೂರಿಗೆ ಅದು ಬಂದದ್ದು ಮಾರ್ಚ್ ತಿಂಗಳಲ್ಲಿ. ತುಟಿ ಒಡೆಯುವ ಒಣ ಗಾಳಿಯಲ್ಲಿ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ, ಹಾಗಾಗಿ ತುದಿ ಹೊರಗೆ ಬರುತ್ತದೆ. ಇದೂ ಉಜ್ಜಿದರೆ ಹೋಗುವಂಥದ್ದು. ಆದರೆ ಇದರಿಂದಲೇ ಆ ಮರ ಯಾವುದು ಅಂತ ಹುಡುಕಿದೆ. ವಿವರದ ಚೀಟಿಯಲ್ಲಿ 'ಇಂಡಿಯನ್ ಲಾರೆಲ್' ಅಂತಿತ್ತು. ಅಂದರೆ ನಮ್ಮ ಮತ್ತಿ ಮರ! ಮೊಸಳೆ ಚರ್ಮದ ಹಾಗೆ ತೊಗಟೆ ಇರುವ, ನಮ್ಮಜ್ಜನ ಊರಿನ ಬೆಟ್ಟದಲ್ಲಿ ಸೊಪ್ಪಿಗೆ ಕಡಿಯುತ್ತಿದ್ದ ಅದೇ ಜಾತಿ. 2017ರಲ್ಲಿ ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಬಿಗಿಯಾದ ಮೇಲೆ ಫ್ರೆಟ್‌ಬೋರ್ಡಿಗೆ ಬೀಟೆಯ ಬದಲು ಮತ್ತಿಯಂಥ ಮರಗಳ ಬಳಕೆ ಜಾಸ್ತಿಯಾಯಿತು. ಅದು ಗೊತ್ತಾದ ದಿನದಿಂದ ಈ ಗಿಟಾರ್ ಮೇಲೆ ಅಕ್ಕರೆ ಹೆಚ್ಚಾಯಿತು.

ಆದರೆ ನಾಲ್ಕನೆಯ ದೋಷ ಅಕ್ಕರೆಗೆ ಬಗ್ಗಲಿಲ್ಲ. ಮೊದಲ ಎರಡು ತಂತಿಗಳನ್ನು ಹದಿನಾಲ್ಕನೇ ಫ್ರೆಟ್‌ನಲ್ಲಿ ಒತ್ತಿದರೆ ಸ್ವರ ಟಕ್ ಅಂತ ಸತ್ತುಹೋಗುತ್ತಿತ್ತು. ತಂತಿ ಎತ್ತರಿಸಿದೆ. ಹನ್ನೆರಡನೇ ಫ್ರೆಟ್ ಮೇಲೆ 1.6 ಮಿಲಿಮೀಟರ್ ಇದ್ದದ್ದನ್ನು 2.4ಕ್ಕೆ ತಂದೆ. ಬೆರಳು ನೊಂದವು, ಸ್ವರ ಬರಲಿಲ್ಲ. ಚಿಕ್ಕ ಸ್ಟೀಲ್ ಸ್ಕೇಲನ್ನು ಮೂರು ಫ್ರೆಟ್‌ಗಳ ಮೇಲೆ ಅಡ್ಡಲಾಗಿಟ್ಟು ಒತ್ತಿ ನೋಡಿದೆ. ಸರಿ ಇರುವ ಕಡೆ ಅಲುಗಾಡಲಿಲ್ಲ. ಹದಿನೈದರ ಮೇಲೆ ಟಿಕ್, ಟಿಕ್ ಅಂತ ತೂಗಿತು. ಹದಿನೈದನೇ ಫ್ರೆಟ್ ಎದ್ದಿತ್ತು. ಹದಿನಾಲ್ಕರಲ್ಲಿ ಒತ್ತಿದ ತಂತಿ ಅದಕ್ಕೇ ತಾಗುತ್ತಿತ್ತು.

ಮಾರಿದವರಿಗೆ ಫೋನ್ ಮಾಡಿದೆ. ಆ ಬಣ್ಣದ್ದು ಬೇರೆ ಇಲ್ಲ, ಬೇಕಾದರೆ ದುಡ್ಡು ವಾಪಸ್ ಕೊಡುತ್ತೇವೆ ಎಂದರು. ಬೇರೆ ಬಣ್ಣದ್ದು ತರಿಸಿದರೂ ಅದರಲ್ಲಿ ಏನಿರುತ್ತದೋ. ಈ ನೆಕ್ಕು ನನ್ನ ಕೈಗೆ ಒಗ್ಗಿಬಿಟ್ಟಿತ್ತು. ಹಾಗಂತ ಸ್ವರ ಇಲ್ಲದ ವಾದ್ಯವನ್ನು ಪ್ರೀತಿಗೋಸ್ಕರ ಇಟ್ಟುಕೊಳ್ಳುವುದೂ ನನಗೆ ಸರಿ ಕಾಣಲಿಲ್ಲ.

ಅಮ್ಮ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದರು. ಅವರದು ಇದೇ ಊರಲ್ಲಿ ಮಾಡಿದ ವೀಣೆ. ಅದರ 24 ಮೆಟ್ಟಿಲುಗಳು, ಅಂದರೆ ವೀಣೆಯ ಫ್ರೆಟ್‌ಗಳು, ಮೇಣದ ಮೇಲೆ ಕೂತಿವೆ. ಬೇಸಿಗೆಗೆ ಮೇಣ ಮೆತ್ತಗಾದರೆ ಮೆಟ್ಟಿಲು ಜರುಗುತ್ತವೆ. ಆಗ ಮೇಳ ಕಟ್ಟುವವರನ್ನು ಕರೆಸುತ್ತಾರೆ. ಅವರು ಒಂದೊಂದು ಸ್ವರವನ್ನೂ ಕಿವಿಯಲ್ಲೇ ಅಳೆದು ಮತ್ತೆ ಕೂರಿಸುತ್ತಾರೆ. ಚಿಕ್ಕಂದಿನಲ್ಲಿ ಪಕ್ಕದಲ್ಲಿ ಕೂತು ನೋಡಿದ್ದೇನೆ. "ಮೆಟ್ಟಿಲು ಎದ್ದಿದ್ದರೆ ಕೂರಿಸೋರ ಹತ್ರ ಹೋಗಬೇಕಪ್ಪ, ಪೆಟ್ಟಿಗೆ ನೋಡ್ತಾ ಕೂತರೆ ಆಗುತ್ತಾ?" ಅಂದರು.

ಹತ್ತನೇ ದಿನ ಬೆಳಗ್ಗೆ ಗಿಟಾರ್ ರಿಪೇರಿ ಮಾಡುವವರ ಬಳಿ ಹೋದೆ. ಎಂಟಡಿ ಕೋಣೆ, ಗೋಡೆ ತುಂಬಾ ನೆಕ್ಕುಗಳು. ಅವರು ಸ್ಕೇಲ್ ಇಟ್ಟು ನೋಡಿದರು. ಆಮೇಲೆ ಒಂದು ತೆಳು ಕಾಗದ ತೆಗೆದು ಹದಿನೈದನೇ ಫ್ರೆಟ್‌ನ ತುದಿಗೆ ತಾಗಿಸಿದರು. ಕಾಗದ ಫ್ರೆಟ್‌ನ ಕೆಳಗೆ ಸಲೀಸಾಗಿ ಹೋಯಿತು. ನಾನು ಒಂಬತ್ತು ದಿನ ತಂತಿ ಏರಿಸಿ ಇಳಿಸಿದ್ದೆ, ಈ ಕಾಗದದಷ್ಟು ಸಂದು ನನಗೆ ಕಂಡಿರಲಿಲ್ಲ.

"ಫ್ರೆಟ್ ಚೆನ್ನಾಗೇ ಇದೆ. ಈ ತುದಿ ಮರದಲ್ಲಿ ಕೂತಿಲ್ಲ, ಅಷ್ಟೇ," ಎಂದರು. "ಉಳಿದ ಫ್ರೆಟ್‌ಗಳನ್ನು ಉಜ್ಜೋದು ಬೇಡ. ಅಂಟು ಬಿಟ್ಟು ತಟ್ಟಿದರೆ ಸಾಕು. ಆದರೆ ತಟ್ಟಿದ ಮೇಲೆ ವಾಪಸ್ ತಗೊಳ್ಳಲ್ಲ ಅವರು. ತಟ್ಟಲಾ?"

ಎಲ್ಲ ಫ್ರೆಟ್‌ಗಳನ್ನೂ ಉಜ್ಜುವ ಕೆಲಸ ಅಂದಿದ್ದರೆ ಅಲ್ಲಿಂದ ನೇರವಾಗಿ ಕೊರಿಯರ್‌ಗೆ ಹೋಗುತ್ತಿದ್ದೆ. ಅಷ್ಟು ಗಟ್ಟಿ ಮಾಡಿಕೊಂಡೇ ಬಂದಿದ್ದೆ. ಗಡಿಯಾರ ನೋಡಿದೆ, ಹನ್ನೊಂದೂವರೆ. ವಾಪಸ್ ಕೊಡಲು ಸಂಜೆವರೆಗೂ ಸಮಯ ಇತ್ತು.

"ತಟ್ಟಿ," ಅಂದೆ.

ಸೂಜಿಯಷ್ಟು ಸಣ್ಣ ಮೂತಿಯ ಬಾಟಲಿಯಿಂದ ಒಂದೇ ಹನಿ ಅಂಟು ಬಿಟ್ಟರು. ಸುತ್ತಲೂ ಟೇಪ್ ಹಚ್ಚಿದ್ದರು, ಮತ್ತಿಯ ಹಲಗೆಗೆ ಕಲೆ ಆಗಬಾರದು ಅಂತ. ಸಣ್ಣ ಸುತ್ತಿಗೆಯಿಂದ ಎರಡು ಏಟು, ಮೂರನೆಯದು ಇನ್ನೂ ಮೆಲ್ಲಗೆ. ಮೊದಲಿನ ಎರಡು ಏಟಿಗೆ ಟೊಳ್ಳು ಸದ್ದು ಬಂತು. ಮೂರನೆಯದಕ್ಕೆ ಗಟ್ಟಿ ಸದ್ದು. ಮರದ ತುಂಡಿಟ್ಟು ಕ್ಲ್ಯಾಂಪ್ ಬಿಗಿದು ಕಾಯಿಸಿದರು. ಮತ್ತೆ ಸ್ಕೇಲ್ ಇಟ್ಟಾಗ ಅದು ಅಲುಗಾಡಲಿಲ್ಲ. ತಂತಿಯನ್ನು 1.6ಕ್ಕೇ ಇಳಿಸಿ, ಚುಚ್ಚುವ ತುದಿಗಳಿಗೆ ಅರ ಆಡಿಸಿ ಕೊಟ್ಟರು.

ಮನೆಗೆ ಬಂದು ಅಮ್ಮನ ಪಕ್ಕ ಕೂತು ಹದಿನಾಲ್ಕನೇ ಫ್ರೆಟ್ ಒತ್ತಿ ಮೊದಲ ತಂತಿ ಮೀಟಿದೆ. ಆಂಪ್ ಕೂಡ ಹಾಕಿರಲಿಲ್ಲ. ಸ್ವರ ಎದ್ದು, ನಿಂತು, ಮೆಲ್ಲಗೆ ಕರಗಿತು. ಅಮ್ಮ ಕೈಯಲ್ಲಿದ್ದ ಸೊಪ್ಪು ಬಿಟ್ಟು ಕೇಳಿಸಿಕೊಂಡರು.

"ಇನ್ನೊಂದ್ಸಲ ಮೀಟು," ಅಂದರು.