ನಾಲ್ಕನೆಯ ಮಾತು

ಬಳ್ಳಾರಿಯಲ್ಲಿ ಶುಭ ಶುಕ್ರವಾರ ಬರುವುದು ಬಿಸಿಲು ಬಲಿತ ಮೇಲೆ. ಕೋಟೆಯ ಬಂಡೆಗುಡ್ಡ ಬೆಳಗಿನಿಂದ ಕಾದು, ನಡುಮಧ್ಯಾಹ್ನದ ಹೊತ್ತಿಗೆ ಊರಿನ ಮೇಲೆ ಝಳವನ್ನು ಚೆಲ್ಲುತ್ತಿರುತ್ತದೆ. ಅಂಥ ಹೊತ್ತಿನಲ್ಲಿ, ಹನ್ನೆರಡರಿಂದ ಮೂರು ಗಂಟೆಯ ತನಕ, ನಮ್ಮ ಸಭೆಯವರು ಉಪವಾಸವಿದ್ದು ದೇವಾಲಯದಲ್ಲಿ ಕೂಡಿ, ಕರ್ತನು ಶಿಲುಬೆಯ ಮೇಲಿಂದ ನುಡಿದ ಏಳು ಮಾತುಗಳನ್ನು ಧ್ಯಾನಿಸುತ್ತೇವೆ. ಒಂದೊಂದು ಮಾತಿಗೆ ಒಬ್ಬೊಬ್ಬರು ಎದ್ದು ನಿಲ್ಲುತ್ತಾರೆ. ನಡುನಡುವೆ ಕೀರ್ತನೆ, ಪ್ರಾರ್ಥನೆ, ಮೌನ. “ನನಗೆ ನೀರಡಿಕೆಯಾಗಿದೆ” ಎಂಬ ಐದನೆಯ ಮಾತು ಬರುವ ವೇಳೆಗೆ ಎಲ್ಲರ ಗಂಟಲೂ ಒಣಗಿರುವುದರಿಂದ ಆ ವಚನಕ್ಕೆ ನಮ್ಮ ಊರಿನಲ್ಲಿ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಈ ವರ್ಷ ನಾಲ್ಕನೆಯ ಮಾತನ್ನು ಸಭೆಯ ಪಾದ್ರಿಗಳಾದ ಅಯ್ಯನವರು ನನಗೆ ಒಪ್ಪಿಸಿದರು: “ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?” ಮೂರು ವರ್ಷದ ಹಿಂದೆ ಇದನ್ನು ನಾನೇ, ಧ್ಯಾನವಾಗಿ ಅಲ್ಲ, ದೂರಾಗಿ ಕೇಳುತ್ತಿದ್ದೆ. ಮಳೆಗಾಲದಲ್ಲಿ ಯಜಮಾನರು ತೀರಿಕೊಂಡ ಮೇಲೆ ನಾನು ಆರಾಧನೆಗೆ ಹೋಗುವುದನ್ನು ಬಿಟ್ಟಿದ್ದೆ. ದೇವರಿಲ್ಲ ಎನ್ನುವಷ್ಟು ಸಿಟ್ಟೂ ಇರಲಿಲ್ಲ. ಬಾಯಿ ತೆರೆದರೆ ಪ್ರಾರ್ಥನೆ ಬರುತ್ತಿರಲಿಲ್ಲ, ಅಷ್ಟೇ. ಸ್ತ್ರೀಯರ ಕೂಟದ ಹಿರಿಯಮ್ಮ ಒಬ್ಬರು ಪ್ರತಿ ಬುಧವಾರ ಸಂಜೆ ಇಬ್ಬರು ಮೂವರನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಬರಬೇಡಿರೆಂದು ಹೇಳಲಾರದೆ ಒಂದು ದಿನ ನಾನು, “ನನಗೆ ಪ್ರಾರ್ಥನಿ ಮಾಡಾಕ ಆಗವಲ್ದು, ಅಮ್ಮಾ” ಎಂದೆ. ಅವರು ಚಾಪೆಯ ಮೇಲೆ ಕೂತವರು ಏಳಲಿಲ್ಲ. “ಆಗಲಿಲ್ಲಾಂದ್ರ ಬಿಡವ್ವ, ಸುಮ್ನ ಕುಂದ್ರು. ನಿನ್ನ ಪಾಲಿಂದೂ ನಾವು ಮಾಡ್ತೀವಿ” ಎಂದು ಹೇಳಿ ಕೀರ್ತನೆ ಎತ್ತಿಕೊಂಡರು.

ಕಪೆರ್ನೌಮಿನಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಜನಸಂದಣಿಯಿಂದ ಒಳಗೆ ಹೋಗಲಾರದೆ, ಮಾಳಿಗೆ ಬಿಚ್ಚಿ ಯೇಸುವಿನ ಮುಂದೆ ಇಳಿಸಿದ ಸಂಗತಿಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಯೇಸು ನೋಡಿದ್ದು “ಅವರ ನಂಬಿಕೆಯನ್ನು” ಎಂದು ಮಾರ್ಕನು ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಆ ಬಹುವಚನವನ್ನು ನಾನು ಗಮನಿಸಿದ್ದು ಆ ಬುಧವಾರಗಳಲ್ಲಿ.

ಮರುವರ್ಷದ ಶುಭ ಶುಕ್ರವಾರ ತಡವಾಗಿ ಹೋಗಿ ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ಕೂತೆ. ಹಿರಿಯಮ್ಮ ಮುಂದಿನ ಸಾಲಿನಿಂದ ಎದ್ದು ಬಂದು ಪಕ್ಕದಲ್ಲಿ ಕೂತರು. ಕೀರ್ತನೆ ಪುಸ್ತಕವನ್ನು ನಮ್ಮಿಬ್ಬರ ಮಡಿಲಿಗೂ ಬರುವಂತೆ ತೆರೆದಿಟ್ಟು, ಸಾಲು ಸಾಲಿಗೂ ಬೆರಳು ಓಡಿಸುತ್ತ ಹಾಡತೊಡಗಿದರು. ನಾನು ನೋಡಿದರೆ ಹಾಡು ಒಂದು, ತೆರೆದ ಪುಟ ಇನ್ನೊಂದು. ಕಣ್ಣಿಗೆ ಪೊರೆ ಬಂದು ಅವರಿಗೆ ಅಕ್ಷರ ಕಾಣುತ್ತಿರಲಿಲ್ಲ, ಬಾಯಿಪಾಠವಿದ್ದುದರಿಂದ ಪುಸ್ತಕವೂ ಬೇಕಿರಲಿಲ್ಲ. ಅದನ್ನು ಹಿಡಿದದ್ದು ನನಗಾಗಿ. ಸರಿಯಾದ ಪುಟ ಹುಡುಕಿ ಕೊಡಬೇಕಾಗಿ ಬಂದು, ಹುಡುಕಿದ ಮೇಲೆ ನಾನೂ ಎರಡು ಸಾಲು ಹಾಡಿದೆ.

ನಾಲ್ಕನೆಯ ಮಾತಿಗೆ ಸಿದ್ಧಳಾಗಲು ಈ ಸಲ ಬೈಬಲಿನ ಕೀರ್ತನೆಗಳ ಪುಸ್ತಕದ ಇಪ್ಪತ್ತೆರಡನೆಯ ಕೀರ್ತನೆಯನ್ನು ವಾರವಿಡೀ ಓದಿದೆ, ಏಕೆಂದರೆ ಆ ಕೂಗು ಆ ಕೀರ್ತನೆಯ ಮೊದಲ ಸಾಲು. ಶಿಷ್ಯರು ಓಡಿಹೋಗಿ, ತಂದೆಯೂ ಕೈಬಿಟ್ಟನೆಂದು ತೋರಿದ ಆ ಗಳಿಗೆಯಲ್ಲಿ ಕರ್ತನು ಹೊಸ ಮಾತುಗಳನ್ನು ಹುಡುಕಲಿಲ್ಲ. ತನ್ನ ಜನರು ತಲೆಮಾರುಗಳಿಂದ ಕೂಡಿ ಪ್ರಾರ್ಥಿಸಿದ್ದ ಮಾತನ್ನೇ ಎತ್ತಿಕೊಂಡನು. “ನನ್ನ ದೇವರೇ” ಎಂಬ ಒಂಟಿ ಕೂಗಿನಿಂದ ಹೊರಟ ಅದೇ ಕೀರ್ತನೆ ಮುಂದೆ ಹೋಗುತ್ತ ಸಭೆಯ ನಡುವೆ ದೇವರನ್ನು ಸ್ತುತಿಸುವ ಮಾತಿಗೆ ಬಂದು ಮುಟ್ಟುತ್ತದೆ. ಈ ಕೂಗಿಗೆ ಹಿಂದಿನ ಮೂರನೆಯ ಮಾತಿನಲ್ಲಿಯೇ ಕರ್ತನು ತಾಯಿಗೆ “ಇಗೋ ನಿನ್ನ ಮಗನು” ಎಂದೂ ಶಿಷ್ಯನಿಗೆ “ಇಗೋ ನಿನ್ನ ತಾಯಿ” ಎಂದೂ ಹೇಳಿ, ರಕ್ತಸಂಬಂಧವಿಲ್ಲದ ಇಬ್ಬರನ್ನು ಒಂದು ಮನೆಯವರನ್ನಾಗಿ ಮಾಡಿದ್ದನಲ್ಲವೇ?

ಆ ಕೂಗನ್ನು ನಾವು ನಮ್ಮ ನುಡಿಯಲ್ಲಿ ಓದುವಂತಾದದ್ದೂ ಒಬ್ಬರ ದುಡಿಮೆಯಿಂದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು ನಮ್ಮ ಬಳ್ಳಾರಿಗೆ ಬಂದದ್ದು 1810ರಲ್ಲಿ. ವಿಲಿಯಂ ರೀವ್ ಮೊದಲಾದವರೊಡಗೂಡಿ ಅವರು ಮಾಡಿದ ಇಡೀ ಸತ್ಯವೇದದ, ಅಂದರೆ ಬೈಬಲಿನ, ಕನ್ನಡ ಅನುವಾದ ಹೊರಬಂದದ್ದು 1831ರಲ್ಲಿ. ಇಂದಿನ ಪಾಠ ಆಮೇಲೆ ಪರಿಷ್ಕಾರಗೊಂಡದ್ದು, ನಿಜ. ಆದರೂ ಈ ಊರಿನ ಇಂಥದೇ ಬೇಸಿಗೆಗಳಲ್ಲಿ ಕೂತು ವಚನ ವಚನವನ್ನೂ ಕನ್ನಡಕ್ಕೆ ಇಳಿಸಿದವರನ್ನು ನೆನೆದಾಗ, ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುವ, ನಂಬಿಕೆಯಿಂದ ಬಾಳಿ ಹೋದವರ ಮೇಘದಂಥ ಸಾಕ್ಷಿಗಳ ಸಮೂಹದಲ್ಲಿ ಅವರ ಮುಖಗಳೂ ಇವೆಯೆಂದು ನನಗೆ ಅನಿಸುತ್ತದೆ.

ಸಭೆಯಲ್ಲಿ ಮನಸ್ತಾಪಗಳಿಲ್ಲವೆಂದು ನಾನು ಹೇಳಲಾರೆ; ನೋಯಿಸುವ ಮಾತುಗಳನ್ನು ನಾನು ಅಲ್ಲಿಯೂ ಕೇಳಿದ್ದೇನೆ. ಆದರೆ ಯೇಸುವಿನ ಶಿಷ್ಯ ತೋಮನನ್ನು ನೋಡಿ. ಸತ್ತು ಎದ್ದ ಕರ್ತನು ಶಿಷ್ಯರಿಗೆ ಕಾಣಿಸಿಕೊಂಡ ಮೊದಲ ಸಂಜೆ ಅವನು ಅಲ್ಲಿರಲಿಲ್ಲ, ಉಳಿದವರು ಹೇಳಿದರೂ ನಂಬಲಿಲ್ಲ. ಎಂಟು ದಿನದ ಮೇಲೆ ಕರ್ತನು ಮತ್ತೆ ಬಂದಾಗ ಮಾತ್ರ ಅವನು ಅವರೊಂದಿಗೇ ಇದ್ದನು. ನಂಬದವನನ್ನು ಅವರು ಹೊರಗೆ ಹಾಕಿರಲಿಲ್ಲ, ಅವನೂ ಬಿಟ್ಟುಹೋಗಿರಲಿಲ್ಲ. ಆ ಎಂಟು ದಿನಗಳ ಬಗ್ಗೆ ಯೋಹಾನನು ಏನೂ ಬರೆದಿಲ್ಲ. ನನ್ನ ಬುಧವಾರಗಳೆಲ್ಲ ಆ ಎಂಟು ದಿನಗಳ ಒಳಗಿನವು.

ಮೂರು ಗಂಟೆಗೆ ಆರಾಧನೆ ಮುಗಿದು, ಬೇವಿನ ಮರದಡಿ ಮಜ್ಜಿಗೆ ಕುಡಿದು ಮನೆಗೆ ಹೋದೆವು. ಭಾನುವಾರ ನಸುಕಿನಲ್ಲಿ ಪುನರುತ್ಥಾನದ ಕೀರ್ತನೆ ಹಾಡುತ್ತ ಸಮಾಧಿ ತೋಟಕ್ಕೆ ನಡೆದೆವು. ಮನೆಯವರು ಊರು ಬಿಟ್ಟುಹೋದ ಸಮಾಧಿಗಳಿಗೂ ನಮ್ಮಲ್ಲಿ ಯಾರಾದರೊಬ್ಬರು ಮೇಣದಬತ್ತಿ ಹಚ್ಚುತ್ತಾರೆ. ಯಜಮಾನರ ಸಮಾಧಿಗೆ ನಾನು ಹೋಗುವಷ್ಟರಲ್ಲಿ ಅಲ್ಲಿ ಆಗಲೇ ಒಂದು ಬತ್ತಿ ಉರಿಯುತ್ತಿತ್ತು. ನನ್ನ ಬತ್ತಿಯನ್ನು ಅದರಿಂದಲೇ ಹಚ್ಚಿಕೊಂಡೆ.