ಕರ್ನಾಟಕದ 50 ಬುಡಕಟ್ಟುಗಳ ಜಿಲ್ಲಾವಾರು ಲೆಕ್ಕ: ಕೆಲಸ ಎಲ್ಲಿಗೆ ಬಂತು

2001 ಮತ್ತು 2011ರ ಜನಗಣತಿಯಲ್ಲಿ ಕರ್ನಾಟಕದ ಒಂದೊಂದು ಪರಿಶಿಷ್ಟ ಪಂಗಡದ ಲೆಕ್ಕ ಎಷ್ಟಿತ್ತು, ಯಾವ ಜಿಲ್ಲೆಯಲ್ಲಿ ಎಷ್ಟಿತ್ತು ಅನ್ನುವುದನ್ನು ಕನ್ನಡ ಹೆಸರುಗಳ ಸಮೇತ ಒಂದೇ ಫೈಲಿಗೆ ತರುವ ಕೆಲಸ ಅರ್ಧ ದಾಟಿದೆ. 2011ರದ್ದು ಹೆಚ್ಚುಕಮ್ಮಿ ಮುಗಿಯಿತು. 2001ರದ್ದು ನಡೆಯುತ್ತಿದೆ. ಇದೇ ದಾರಿಯಲ್ಲಿ ಹುಡುಕುವವರಿಗೆ ಉಪಯೋಗಕ್ಕೆ ಬರಲಿ ಅಂತ ಇಲ್ಲಿಯವರೆಗೆ ಕಂಡಿದ್ದನ್ನು ಬರೆಯುತ್ತಿದ್ದೇನೆ.

ಮೊದಲಿಗೆ, ಯಾವ ಫೈಲು ಅನ್ನುವುದು. ಜನಗಣತಿ ಅಂದ ತಕ್ಷಣ ಎಲ್ಲರೂ ಇಳಿಸಿಕೊಳ್ಳುವುದು ಪ್ರೈಮರಿ ಸೆನ್ಸಸ್ ಅಬ್‌ಸ್ಟ್ರಾಕ್ಟ್. ಅದರಲ್ಲಿ ಹಳ್ಳಿ ಮಟ್ಟದವರೆಗೂ ಅಂಕಿ ಇದೆ, ಆದರೆ ಪರಿಶಿಷ್ಟ ಪಂಗಡ ಅಂತ ಒಂದೇ ಒಟ್ಟು ಸಂಖ್ಯೆ. ಒಂದು ಹಾಡಿಯಲ್ಲಿ ಇರುವವರು ಜೇನು ಕುರುಬರೋ ಯರವರೋ ಅಂತ ಅದರಿಂದ ಗೊತ್ತಾಗುವುದಿಲ್ಲ. ಹೆಸರು ಹೆಸರಾಗಿ ಬೇಕಿದ್ದರೆ ಎ-11 ಕೋಷ್ಟಕ ನೋಡಬೇಕು. ಅದರ ಅನುಬಂಧದಲ್ಲಿ ಜಿಲ್ಲಾವಾರು ಲೆಕ್ಕವೂ ಇದೆ. ಅದಕ್ಕಿಂತ ಕೆಳಗೆ, ಅಂದರೆ ತಾಲ್ಲೂಕಿಗೋ ಹಳ್ಳಿಗೋ ಇಳಿಯಲು ಈ ಕೋಷ್ಟಕದಲ್ಲಿ ದಾರಿಯಿಲ್ಲ.

ಎಕ್ಸೆಲ್ ಫೈಲು ತೆರೆದಾಗ ಗಮನಿಸಬೇಕಾದ ಎರಡು ವಿಷಯ ಇವೆ. ಕರ್ನಾಟಕದ ಕೋಡ್ 29, ಜಿಲ್ಲೆಯ ಜಾಗದಲ್ಲಿ 000 ಇದ್ದರೆ ಅದು ಇಡೀ ರಾಜ್ಯದ ಸಾಲು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಓದಿಸುವಾಗ ಕೋಡ್‌ಗಳನ್ನು ಅಂಕಿಯಾಗಿ ಅಲ್ಲ, ಅಕ್ಷರವಾಗಿಯೇ ಇಟ್ಟುಕೊಳ್ಳಿ, ರಾಜ್ಯದ ಸಾಲನ್ನು ಬೇರೆ ಎತ್ತಿಡಿ. ಇಲ್ಲದಿದ್ದರೆ ಕೂಡುವಾಗ ಎಲ್ಲವೂ ದುಪ್ಪಟ್ಟು. ಒಟ್ಟು, ಗ್ರಾಮೀಣ, ನಗರ ಅಂತ ಮೂರು ಸಾಲು ಇರುವ ಕಡೆಯೂ ಅಷ್ಟೇ, ಒಂದನ್ನೇ ಆರಿಸಿಕೊಳ್ಳಬೇಕು.

ಇದೆಲ್ಲ ಸುಲಭದ ಭಾಗ. ನಾನು ತುಂಬ ಹೊತ್ತು ಕೂತಿದ್ದು ಹೆಸರುಗಳ ಮುಂದೆ.

ಕುರುಬ ಅನ್ನುವುದನ್ನೇ ತೆಗೆದುಕೊಳ್ಳಿ. ಪಟ್ಟಿಯಲ್ಲಿ ಜೇನು ಕುರುಬ ಒಂದು ಸಾಲು, ಕಾಡು ಕುರುಬ ಇನ್ನೊಂದು, 'ಕುರುಬ (ಕೂರ್ಗ್ ಜಿಲ್ಲೆಯಲ್ಲಿ)' ಮತ್ತೊಂದು. ಇವುಗಳ ಜೊತೆಗೆ ಕಾಟ್ಟುನಾಯಕನ್ ಬೇರೆ, ಕುರುಮನ್ ಬೇರೆ. ಬಯಲುಸೀಮೆಯಲ್ಲಿ ಕುರಿ ಸಾಕುವ ಕುರುಬರು ಇದರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಎಚ್.ಡಿ. ಕೋಟೆ, ಕೊಡಗಿನ ಕಡೆ ಜನ ತಮ್ಮನ್ನು ಬೆಟ್ಟ ಕುರುಬರು ಅಂತ ಕರೆದುಕೊಳ್ಳುತ್ತಾರೆ, ಆ ಹೆಸರು 2011ರ ಪಟ್ಟಿಯಲ್ಲಿ ಇರಲೇ ಇಲ್ಲ. ಕಾಡು ಕುರುಬದ ಜೊತೆ ಬೆಟ್ಟ ಕುರುಬ ಅಂತಲೂ ಸೇರಿಸಲು ಸಂಸತ್ತು ಒಪ್ಪಿದ್ದು 2022ರ ಕೊನೆಗೆ. ಯೋಚಿಸಿ, ಗಣತಿಗೆ ಬಂದ ಮೇಷ್ಟ್ರಿಗೆ ಒಬ್ಬ ಅಜ್ಜಿ ತನ್ನ ಜನ ಯಾರು ಅಂತ ಸರಿಯಾಗಿಯೇ ಹೇಳಿದರೂ ಆ ಹೆಸರಿಗೆ ಪಟ್ಟಿಯಲ್ಲಿ ಜಾಗವಿಲ್ಲ. ಹಾಗಾಗಿ ಕಾಡು ಕುರುಬರ ಸಾಲಿನ ಸಂಖ್ಯೆಯನ್ನು ಆ ಸಮುದಾಯದ ಪೂರ್ತಿ ಲೆಕ್ಕ ಅಂತ ನಾನು ಎಲ್ಲೂ ಬರೆಯುತ್ತಿಲ್ಲ.

ಇನ್ನು ನಾಯಕರ ಸಾಲು. ಅದರ ಪೂರ್ತಿ ಹೆಸರು ನಾಯಕ್ಡ, ನಾಯಕ, ಚೋಳಿವಾಲ ನಾಯಕ ಅಂತ ಶುರುವಾಗಿ ಬೇಡ, ಬೇಡರ್, ವಾಲ್ಮೀಕಿಯವರೆಗೆ ಹೋಗುತ್ತದೆ. ಕರ್ನಾಟಕದ ಪರಿಶಿಷ್ಟ ಪಂಗಡದವರು 2011ರಲ್ಲಿ 42,48,987. ಅದರಲ್ಲಿ 33 ಲಕ್ಷದ ಹತ್ತಿರ ಈ ಒಂದೇ ಸಾಲು! ಉಳಿದ 49 ಪಂಗಡಗಳೆಲ್ಲ ಸೇರಿ ಕಾಲುಭಾಗವೂ ಇಲ್ಲ. ಆದ್ದರಿಂದ ರಾಜ್ಯದ ಪರಿಶಿಷ್ಟ ಪಂಗಡಗಳ ಸರಾಸರಿ ಅಂತ ಯಾರಾದರೂ ಸಾಕ್ಷರತೆಯನ್ನೋ ಉದ್ಯೋಗವನ್ನೋ ತೋರಿಸಿದರೆ ಅದು ಬಹುಪಾಲು ನಾಯಕರ ಸರಾಸರಿ, ಕರಾವಳಿಯ ಕೊರಗರಂಥ ಸಣ್ಣ ಪಂಗಡದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಹಳೆಯ ಗಣತಿಗಳ ಜೊತೆ ಹೋಲಿಸಿದಾಗ ಇದು ಇನ್ನೂ ಸ್ಪಷ್ಟ. 1971ರಲ್ಲಿ ರಾಜ್ಯದ ಪರಿಶಿಷ್ಟ ಪಂಗಡದವರು ಸುಮಾರು 2.3 ಲಕ್ಷ, 1981ರಲ್ಲಿ 18 ಲಕ್ಷ ದಾಟಿತು. ಹತ್ತು ವರ್ಷದಲ್ಲಿ ಅಷ್ಟು ಮಕ್ಕಳು ಹುಟ್ಟಲು ಸಾಧ್ಯವಿಲ್ಲ ಅಲ್ವಾ? ಮೊದಲು ಒಂದು ಪಂಗಡ ಕೆಲವು ಜಿಲ್ಲೆಗಳಲ್ಲಿ ಮಾತ್ರ ಪರಿಶಿಷ್ಟ, ಪಕ್ಕದ ಜಿಲ್ಲೆಯಲ್ಲಿ ಅಲ್ಲ ಅನ್ನುವ ಸ್ಥಿತಿ ಇತ್ತು, 1976ರ ಕಾನೂನು ಆ ಗಡಿಗಳನ್ನು ಬಹುಮಟ್ಟಿಗೆ ತೆಗೆದುಹಾಕಿತು. 1991ರಲ್ಲಿ ಬೇಡ, ವಾಲ್ಮೀಕಿ ಮುಂತಾದ ಹೆಸರುಗಳು ಸೇರಿದವು, ಆದರೆ ಅಷ್ಟರಲ್ಲಿ ಆ ವರ್ಷದ ಎಣಿಕೆ ಮುಗಿದಿತ್ತು. ಅದಕ್ಕೇ 1991ರಲ್ಲಿ 19 ಲಕ್ಷ ಇದ್ದದ್ದು 2001ರಲ್ಲಿ 34 ಲಕ್ಷ ದಾಟಿ ಕಾಣಿಸುತ್ತದೆ. ಜನ ಅವರೇ, ಪಟ್ಟಿ ಬೇರೆ. ಇದನ್ನು ಹೇಳದೆ ಸುಮ್ನೆ ಗೆರೆ ಎಳೆದು ಗ್ರಾಫ್ ಹಾಕುವುದು ಸರಿಯಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ, ಇದೇ ಅಂಕಿ ಹಿಡಿದು ಮೀಸಲಾತಿ ಬಗ್ಗೆ ಜಗಳ ಆಡುವವರು ಜಾಸ್ತಿ ಇರುವಾಗಲಂತೂ.

ಸಿದ್ದಿಯರದ್ದೂ ಇದೇ ಕಥೆ. 2011ರಲ್ಲಿ 10,477 ಜನ, 2001ರ ಕೋಷ್ಟಕದಲ್ಲಿ ಆ ಹೆಸರೇ ಇಲ್ಲ. ಅವರನ್ನು ಪಟ್ಟಿಗೆ ಸೇರಿಸಿದ್ದು 2003ರಲ್ಲಿ, ಅದೂ ಉತ್ತರ ಕನ್ನಡ ಜಿಲ್ಲೆಗೆ ಮಾತ್ರ. ಹಳಿಯಾಳದ ಸಿದ್ದಿ ಲೆಕ್ಕಕ್ಕೆ ಸಿಕ್ಕರು, ಗಡಿಯಾಚೆ ಧಾರವಾಡ ಜಿಲ್ಲೆಯಲ್ಲಿರುವ ಅವರ ನೆಂಟರು ಸಿಗಲಿಲ್ಲ. ಧಾರವಾಡ, ಬೆಳಗಾವಿ ಜಿಲ್ಲೆಗಳು ಸೇರಿದ್ದು 2020ರಲ್ಲಿ. ನನ್ನ ಫೈಲಿನಲ್ಲಿ 2001ರ ಸಿದ್ದಿ ಸಾಲಿಗೆ ಸೊನ್ನೆ ಹಾಕಿಲ್ಲ, 'ಪಟ್ಟಿಯಲ್ಲಿಲ್ಲ' ಅಂತ ಬರೆದಿದ್ದೇನೆ. ಸೊನ್ನೆ ಅಂದರೆ ಯಾರೂ ಇರಲಿಲ್ಲ ಅಂತ ಅರ್ಥ ಆಗಿಬಿಡುತ್ತದೆ.

ಎರಡೂ ಗಣತಿಯಲ್ಲಿ ಒಂದೇ ಹೆಸರಿನಲ್ಲಿ ಇರುವವರನ್ನು ಹೋಲಿಸುವುದು ಹೆಚ್ಚು ನಂಬಿಕೆಯ ಕೆಲಸ. ಜೇನು ಕುರುಬರು 29,828 ಇದ್ದವರು 36,076 ಆದರು. ಕೊರಗರು 16,071 ಇದ್ದವರು 14,794ಕ್ಕೆ ಇಳಿದರು. ಇಲ್ಲಿ ಪಟ್ಟಿಯೂ ಬದಲಾಗಿಲ್ಲ, ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳೂ ಈ ನಡುವೆ ಒಡೆದಿಲ್ಲ. ಈ ಎರಡು ಸಾಲನ್ನು ನೋಡುತ್ತಾ ಮನಸ್ಸು ಭಾರವಾಯಿತು. ಇಡೀ ರಾಜ್ಯದ ಸಂಖ್ಯೆ ಏರುತ್ತಿದ್ದಾಗ ಒಂದು ಸಮುದಾಯ ಕರಗುತ್ತಿರುವುದು ಒಟ್ಟು ಲೆಕ್ಕದಲ್ಲಿ ಕಾಣುವುದೇ ಇಲ್ಲ.

ಜಿಲ್ಲೆಗಳ ಗಡಿ ಸರಿಹೊಂದಿಸುವುದು ಈಗ ನಡೆಯುತ್ತಿದೆ. 2001ರಲ್ಲಿ 27 ಜಿಲ್ಲೆ, 2011ರಲ್ಲಿ 30. ಯಾದಗಿರಿಯನ್ನು ಕಲಬುರಗಿಗೆ, ಚಿಕ್ಕಬಳ್ಳಾಪುರವನ್ನು ಕೋಲಾರಕ್ಕೆ, ರಾಮನಗರವನ್ನು ಬೆಂಗಳೂರು ಗ್ರಾಮಾಂತರಕ್ಕೆ ಮರಳಿ ಕೂಡಿಸಿ ಹೋಲಿಸುತ್ತಿದ್ದೇನೆ. ಕೊಳ್ಳೇಗಾಲ ಚಾಮರಾಜನಗರಕ್ಕೆ ಸೇರಿ ಎಷ್ಟೋ ವರ್ಷ ಆದರೂ ಪಂಗಡಗಳ ಪಟ್ಟಿಯಲ್ಲಿ ಅದಿನ್ನೂ ಮೈಸೂರು ಜಿಲ್ಲೆಯ ತಾಲ್ಲೂಕು, ಅದನ್ನು ಹಾಗೆಯೇ ಇಟ್ಟು ಪಕ್ಕದಲ್ಲಿ ಈಗಿನ ಜಿಲ್ಲೆಯ ಹೆಸರು ಹಾಕಿದೆ.

ಮುಂದಿನ ಎಣಿಕೆ 2027ರ ಫೆಬ್ರವರಿಯಲ್ಲಿ, ಜಾತಿ ಲೆಕ್ಕವೂ ಸೇರಿ. ಅಷ್ಟರೊಳಗೆ ಪ್ರತಿ ಪಂಗಡದ ಮುಂದೆ 'ಪಟ್ಟಿ ಬದಲಾದ ವರ್ಷ' ಅನ್ನುವ ಕಾಲಂ ತುಂಬಿ ಮುಗಿಸಬೇಕು. ಪರಿವಾರ, ತಳವಾರ 2020ರಲ್ಲಿ ನಾಯಕರ ಸಾಲಿಗೆ ಸೇರಿದ್ದು ಆಗಲೇ ತುಂಬಿದ್ದೇನೆ. ಈ ವಾರ ಹಕ್ಕಿಪಿಕ್ಕಿ ಮತ್ತು ಸೋಲಿಗರ ಸಾಲುಗಳನ್ನು ಹಿಡಿಯುತ್ತೇನೆ. ಚಾಮರಾಜನಗರದ ಕಡೆಯವರು ಯಾರಾದರೂ ಹೆಸರುಗಳ ಕನ್ನಡ ಕಾಗುಣಿತ ನೋಡಿಕೊಟ್ಟರೆ ದೊಡ್ಡ ಉಪಕಾರ.