ಅಡಿಕೆ ಡಬ್ಬಿಯಲ್ಲಿ ಜಗಲಿ ಕಟ್ಟಿಕೊಂಡು ಬಾದಾಮಿ ಸೀಮೆಗೆ

ಊರಿಗೆ ಹೊರಟಾಗಲೂ ಬೆಳಗಿನ ಪೂಜೆ ತಪ್ಪಬಾರದು ಅನ್ನುವವರಿಗೆ ಒಂದು ಕಷ್ಟ ಇದ್ದೇ ಇರುತ್ತದೆ. ಏನು ಒಯ್ಯಬೇಕು, ಏನು ಬಿಡಬೇಕು? ವಿಜಯಪುರದಲ್ಲಿ ನಮ್ಮ ಪಕ್ಕದ ಮನೆಯ ಚಿಗವ್ವನಿಗೆ ಈ ಚಿಂತೆಯೇ ಇಲ್ಲ. ಎದೆಯ ಮೇಲೆ ಕರಡಿಗೆ, ಅದರೊಳಗೆ ಇಷ್ಟಲಿಂಗ. ಎಡ ಅಂಗೈಯೇ ಅವಳ ಜಗಲಿ, ಅಂದರೆ ದೇವರ ಕಟ್ಟೆ. ವಿಭೂತಿ, ಒಂದಿಷ್ಟು ನೀರು, ಸಿಕ್ಕರೆ ಒಂದು ಪತ್ರಿ ಇದ್ದರಾಯಿತು. ಎಲ್ಲಿ ಕೂತರೂ ಅವಳ ಪೂಜೆ ನಡೆಯುತ್ತದೆ.

ನನ್ನದು ಹಾಗಲ್ಲ. ಬನಶಂಕರಿ ನಮ್ಮ ಮನೆದೇವರು. ಅವ್ವನ ಮುಂದೆ ದೀಪ ಹಚ್ಚಿ, ಅದನ್ನೇ ನೋಡುತ್ತ ಜಪಕ್ಕೆ ಕೂರುವುದು ನನ್ನ ರೂಢಿ. ಎದುರಿಗೆ ಒಂದು ರೂಪ ಬೇಕು. ಲಾಡ್ಜಿನ ಬರೀ ಗೋಡೆ ನೋಡುತ್ತ ಕೂತರೆ ಮನಸ್ಸು ನಿಲ್ಲುವುದಿಲ್ಲ. ಹಾಗಾಗಿ ಈ ಸಲ ಜಾತ್ರೆ ಮುಗಿದ ಮೇಲೆ ಚಿಗವ್ವನ ಜೊತೆ ಬಾದಾಮಿ ಕಡೆ ಹೊರಡುವ ಮುಂಚೆ, ಕೈಚೀಲದಲ್ಲಿ ಹಿಡಿಸುವಂಥ ಒಂದು ಜಗಲಿ ಮಾಡಿಕೊಂಡೆ.

ಮನೆಯಲ್ಲಿ ಅಜ್ಜಿಯ ಕಾಲದ ಹಿತ್ತಾಳೆಯ ಎಲೆ-ಅಡಿಕೆ ಡಬ್ಬಿ ಇತ್ತು. ಇದಕ್ಕಿಂತ ಒಳ್ಳೆಯ ಪೆಟ್ಟಿಗೆ ಬೇರೆ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಮುಚ್ಚಳ ಬಿಜಾಗರಿಯ ಮೇಲೆ ನೆಟ್ಟಗೆ ನಿಲ್ಲುತ್ತದೆ. ಒಳಗೆ ಬೇರೆ ಬೇರೆ ಖಾನೆಗಳಿವೆ. ಸುಣ್ಣದ ಖಾನೆಯಲ್ಲಿ ಹಳೇ ಸುಣ್ಣ ಕಲ್ಲಾಗಿತ್ತು. ಹುಣಸೆಹಣ್ಣು ನೆನೆಸಿ ಹಚ್ಚಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ತೆಂಗಿನ ನಾರಿನಿಂದ ತಿಕ್ಕಿದೆ. ಸುಣ್ಣ ಎದ್ದು ಬಂತು, ಹಿತ್ತಾಳೆ ಹೊಸದಾಗಿ ಹೊಳೆಯಿತು. ಅಡಿಕೆಯ ವಾಸನೆ ಮಾತ್ರ ಹೋಗಲಿಲ್ಲ. ಇರಲಿ, ಅದು ಅಜ್ಜಿಯ ವಾಸನೆ.

ಮುಚ್ಚಳದ ಒಳಮೈಗೆ ಬನಶಂಕರಿಯ ಬೆರಳುದ್ದದ ತಗಡಿನ ಮೂರ್ತಿಯನ್ನು ಎರಡೂ ಕಡೆ ಅಂಟುವ ಟೇಪಿನಿಂದ ಅಂಟಿಸಿದೆ. ಡಬ್ಬಿ ತೆರೆದರೆ ಅವ್ವ ಎದ್ದು ನಿಲ್ಲುತ್ತಾಳೆ. ಒಂದು ಖಾನೆಯಲ್ಲಿ ಕುಂಕುಮ, ಒಂದರಲ್ಲಿ ಭಂಡಾರ ಅಂದರೆ ಅರಿಶಿಣದ ಪುಡಿ, ಒಂದರಲ್ಲಿ ಹೂಬತ್ತಿ. ಕುಂಕುಮವನ್ನು ಹಾಗೇ ಸುರಿಯಬೇಡಿ, ಬಸ್ಸಿನ ಕುಲುಕಾಟಕ್ಕೆ ಎಲ್ಲ ಕಡೆ ಹರಡುತ್ತದೆ. ತಿರುಪಿನ ಮುಚ್ಚಳ ಇರುವ ಪುಟ್ಟ ಡಬ್ಬಿಯಲ್ಲಿ ತುಂಬಿ ಇಡಿ. ಚಳಿಗಾಲವಾದ್ದರಿಂದ ಬತ್ತಿಗಳನ್ನು ತುಪ್ಪದಲ್ಲಿ ಅದ್ದಿ ಗಟ್ಟಿ ಮಾಡಿ ಒಯ್ದೆ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಇದು ನಡೆಯುವುದಿಲ್ಲ, ತುಪ್ಪ ಕರಗಿ ಬಟ್ಟೆಗೆಲ್ಲ ಇಳಿಯುತ್ತದೆ. ಆಗ ಒಣ ಬತ್ತಿ ಒಯ್ದು ಎಣ್ಣೆ ಅಲ್ಲೇ ಕೊಳ್ಳುವುದು ವಾಸಿ.

ಒಂದು ಖಾನೆಯನ್ನು ಬೇಕಂತಲೇ ಖಾಲಿ ಬಿಟ್ಟೆ. ಹೂ, ಪತ್ರಿ, ನೈವೇದ್ಯ ಯಾವುದನ್ನೂ ಮನೆಯಿಂದ ಒಯ್ಯಬಾರದು, ಹೋದ ಊರಿನ ನೆಲ ಕೊಟ್ಟಿದ್ದನ್ನೇ ಅರ್ಪಿಸಬೇಕು ಅಂತ ನನ್ನ ಮನಸ್ಸಿನಲ್ಲಿತ್ತು. ಇಲ್ಲದಿದ್ದರೆ ನಾವು ಮನೆಯನ್ನೇ ಹೊತ್ತುಕೊಂಡು ತಿರುಗಿದ ಹಾಗೆ ಆಗುತ್ತದೆ, ಅಲ್ವಾ?

ವಿಜಯಪುರದಿಂದ ರೈಲು ಹಿಡಿದೆವು. ಆಲಮಟ್ಟಿ ಹತ್ತಿರ ಕೃಷ್ಣೆಯನ್ನು ದಾಟುವಾಗ ಚಿಗವ್ವ ಕೈ ಮುಗಿದಳು. ನಾನು ಡಬ್ಬಿ ತೆರೆದು ಕುಂಕುಮ ಇಟ್ಟೆ, ದೀಪ ಹಚ್ಚಲಿಲ್ಲ. ರೈಲಿನಲ್ಲಿ ದೀಪ, ಕರ್ಪೂರ, ಊದುಬತ್ತಿ ಯಾವುದನ್ನೂ ಹಚ್ಚುವಂತಿಲ್ಲ. ಭಕ್ತಿಯ ಹೆಸರಿನಲ್ಲಿ ಬೋಗಿಯ ಜನರ ಜೀವಕ್ಕೆ ಅಪಾಯ ತರುವುದು ದೊಡ್ಡ ತಪ್ಪು.

ಬಾಗಲಕೋಟೆ ದಾಟಿ ಗುಳೇದಗುಡ್ಡ ರೋಡ್ ಸ್ಟೇಷನ್ನಿನಲ್ಲಿ ಇಳಿದು ಊರೊಳಗೆ ಹೋದೆವು. ಜಗಲಿಗೆ ಹಾಸಲು ಖಣ, ಅಂದರೆ ಕುಪ್ಪಸದ ಬಟ್ಟೆ, ಬೇಕಿತ್ತು. ದೇವಿಗೆ ಉಡಿ ತುಂಬುವಾಗ ಇಡುವ ಬಟ್ಟೆ ಅದೇ ಆದ್ದರಿಂದ ಅವಳ ಪೀಠಕ್ಕೆ ಬೇರೆ ಬಟ್ಟೆ ನನಗೆ ಹೊಳೆಯಲೇ ಇಲ್ಲ. ಅಂಗಡಿಯವರು ತ್ರಿಕೋನಾಕಾರವಾಗಿ ಮಡಚಿಟ್ಟ ಖಣಗಳನ್ನು ಒಂದೊಂದೇ ಬಿಚ್ಚಿ ತೋರಿಸಿದರು.

"ಎಷ್ಟ ಬೇಕ್ರಿ ಅಕ್ಕಾರ?"

"ಒಂದ ಗೇಣ ಸಾಕ್ರಿ ಅಣ್ಣಾರ."

"ಗೇಣ ಖಣದಾಗ ಏನ್ ಹೊಲಿಸ್ತೀರಿ?"

ಡಬ್ಬಿ ತೆರೆದು ತೋರಿಸಿದೆ. ಅವರು ಚಪ್ಪಲಿ ಬಿಟ್ಟು, ಅವ್ವನಿಗೆ ಕೈ ಮುಗಿದು, ಗಲ್ಲೆಯ ಪಕ್ಕದಿಂದ ಒಂದು ತುಂಡು ತೆಗೆದರು. ಕಡುಗೆಂಪು ಮೈ, ದಡದಲ್ಲಿ ಹಸಿರು ಅಂಚು, ನಡುವೆ ಸಣ್ಣ ಸಣ್ಣ ಬುಟ್ಟಾ. "ರೊಕ್ಕಾ ಬ್ಯಾಡ್ರಿ, ಅಕಿಗೆ ನಮ್ಮ ಉಡಿ ಅನ್ಕೊಳ್ರಿ" ಅಂದರು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಅಲ್ಲೇ ಕತ್ತರಿ ಇಸಿದುಕೊಂಡು ಅಳತೆಗೆ ಕತ್ತರಿಸಿ ಡಬ್ಬಿಯೊಳಗೆ ಹಾಸಿದೆ.

ಬಾದಾಮಿಯಲ್ಲಿ ಉಳಿದುಕೊಂಡೆವು. ಬೆಳಿಗ್ಗೆ ಕೋಣೆಯ ಕಿಟಕಿಯ ಕಟ್ಟೆಯೇ ನನ್ನ ದೇವರ ಮನೆ. ಪರದೆಯನ್ನು ದೂರ ಸರಿಸಿ, ಫ್ಯಾನ್ ನಿಲ್ಲಿಸಿ, ಸ್ಟೀಲ್ ತಟ್ಟೆಯ ಮೇಲೆ ಹಣತೆ ಇಟ್ಟು ಹಚ್ಚಿದೆ. ಆಚೆ ಕೆಂಪು ಬಂಡೆ. ಇತ್ತ ಚಿಗವ್ವ ಮಂಚದ ಪಕ್ಕ ನೆಲದ ಮೇಲೆ ಕೂತು ಅಂಗೈಯ ಲಿಂಗವನ್ನೇ ನೋಡುತ್ತಿದ್ದಳು. ಒಂದೇ ಕೋಣೆಯಲ್ಲಿ ಎರಡು ಜಗಲಿ.

ಮೇಣಬಸದಿ ಗುಹೆಗಳಲ್ಲಿ ನಾನು ಡಬ್ಬಿ ತೆರೆಯಲಿಲ್ಲ. ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಬರೆಸಿದ ಶಾಸನವಿದೆ, ಕ್ರಿ.ಶ. 578ರದು. ಅಲ್ಲಿನ ಪೂಜೆಗಾಗಿ ಒಂದು ಊರನ್ನೇ ದತ್ತಿ ಬಿಟ್ಟಿದ್ದನ್ನು ಅದು ಹೇಳುತ್ತದೆ. ಈಗ ಅಲ್ಲಿ ಪೂಜೆ ಇಲ್ಲ, ಇರುವುದು ರಕ್ಷಣೆ. ದೀಪದ ಮಸಿ ಆ ಕಲ್ಲಿಗೆ ತಾಗಬಾರದು. ಮೊದಲನೆಯ ಗುಹೆಯ ಹದಿನೆಂಟು ಕೈಯ ನಟರಾಜನ ಮುಂದೆ ಸುಮ್ನೆ ನಿಂತೆವು, ಅಷ್ಟೇ ಸಾಕಾಯಿತು.

ಬನಶಂಕರಿ ಅಲ್ಲಿಂದ 5 ಕಿಲೋಮೀಟರ್. ಜಾತ್ರೆಯ ಅಂಗಡಿಗಳು ಇನ್ನೂ ಎದ್ದಿರಲಿಲ್ಲ. ಅವ್ವನಿಗೆ ಶಾಕಾಂಬರಿ ಅಂತಲೂ ಹೆಸರು, ಅವಳು ಕಾಯಿಪಲ್ಯದ ತಾಯಿ. ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳು ಜೋಳದ ರೊಟ್ಟಿ, ಕೆಂಪು ಚಟ್ನಿ, ಮಡಿಕೆ ಮೊಸರು ಮಾರುತ್ತಾರೆ. ದರ್ಶನ ಮುಗಿಸಿ ಬಂದು ರೊಟ್ಟಿಯ ಒಂದು ಚೂರನ್ನು ಖಾಲಿ ಖಾನೆಯಲ್ಲಿಟ್ಟು ಅರ್ಪಿಸಿದೆ. ನಂತರ ನಾವು ಹೊಟ್ಟೆ ತುಂಬ ಉಂಡೆವು. ಆ ಗಟ್ಟಿ ಮೊಸರಿನ ರುಚಿ ಬೇರೆ ಎಲ್ಲೂ ಸಿಗುವುದಿಲ್ಲ.

ಮಹಾಕೂಟದಲ್ಲಿ ವಿಷ್ಣು ಪುಷ್ಕರಿಣಿಯ ಊಟೆಯ ನೀರು ತುಂಬಿಕೊಂಡೆ. ಮರಗಳ ನೆರಳಿನಲ್ಲಿ ಗುಡಿಗಳು, ಹೊಂಡದಲ್ಲಿ ಈಜುವ ಹುಡುಗರ ಗದ್ದಲ. ಈ ಊರಿನ ಶಾಸನದ ಕಂಬ ಈಗ ನಮ್ಮ ವಿಜಯಪುರದ ಗೋಳಗುಮ್ಮಟದ ಮ್ಯೂಸಿಯಂನಲ್ಲಿದೆ. ಅದನ್ನು ಎಷ್ಟೋ ಸಲ ನೋಡಿದವಳಿಗೆ, ಅದು ಹೊರಟು ಬಂದ ಜಾಗದಲ್ಲಿ ನಿಲ್ಲುವುದು ಖುಷಿ ಕೊಟ್ಟಿತು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ. ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು. ಐಹೊಳೆಯನ್ನು ಬಿಸಿಲಿನಲ್ಲಿ ಅವಸರದಲ್ಲೇ ನೋಡಿ ಅಮೀನಗಡಕ್ಕೆ ಬಂದೆವು. ಅಮೀನಗಡ ಅಂದ ಮೇಲೆ ಕರದಂಟು. ಮರುದಿನದ ನೈವೇದ್ಯಕ್ಕೆ ಅದರ ಒಂದು ತುಂಡು.

ಕೊನೆಗೆ ಕೂಡಲಸಂಗಮ. ಕೃಷ್ಣೆ, ಮಲಪ್ರಭೆ ಕೂಡುವ ಜಾಗ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಸುತ್ತುವರಿದಿದ್ದರಿಂದ ಬಸವಣ್ಣನ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿದ್ದಾರೆ. ಸೇತುವೆ ಮೇಲೆ ನಡೆದು, ಮೆಟ್ಟಿಲಿಳಿದು ಕೆಳಗೆ ಹೋಗಬೇಕು. ಸುತ್ತ ನೀರು, ನಾವು ನೀರಿಗಿಂತ ಕೆಳಗೆ. ಚಿಗವ್ವ ಮೇಲೆ ಬಂದು ದಡದಲ್ಲಿ ಲಿಂಗಪೂಜೆಗೆ ಕೂತಳು. ವಿಭೂತಿ ಗಟ್ಟಿ ದಾರಿಯಲ್ಲಿ ಪುಡಿಯಾಗಿತ್ತು. ಉಳಿದ ಖಣದ ಚೂರಿನಲ್ಲಿ ನಾನೇ ಕಟ್ಟಿ ಕೊಟ್ಟೆ.

"ನಿನ್ನ ಡಬ್ಬಿ ಚಲೋ ಆಗೇತಿ ತಂಗಿ," ಅಂದಳು, "ಆದ್ರ ದೀಪ ಹಚ್ಚಾಕ ಆಗದ ಕಡೆ ಕಣ್ಣ ಮುಚ್ಚಿ ಅಕೀನ್ನ ನೋಡೂದು ರೂಢಿ ಮಾಡ್ಕೊ."

ಆ ಮಾತು ಒಪ್ಪಿಕೊಂಡಿದ್ದೇನೆ. ಈಗ ಜಪ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚುತ್ತೇನೆ. ಡಬ್ಬಿಯನ್ನೂ ಬಿಡುವುದಿಲ್ಲ. ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಮಾತಾಗಿದೆ. ಅಲ್ಲಿ ಭಂಡಾರ ಜಾಸ್ತಿ ಬೇಕು, ಅದಕ್ಕೆ ದೊಡ್ಡ ಖಾನೆ ಬಿಡಿಸಬೇಕು.